ಎಂಜಿನ್ನಿನ ಗಾಳಿ

ವೃಷಭೇಂದ್ರ ಸಾಹೇಬರ ಕಾರು ಓಡಿಸುವವನು ಫಕೀರಪ್ಪ. ಅಂದು ಗದಗಿನಲ್ಲಿ ಸಾಹೇಬರ ಭಾಷಣವಿತ್ತು. ವಿಷಯ, ಸಮಯಪಾಲನೆ.

ಹಿಂದಿನ ದಿನವಷ್ಟೇ ಕಾರಿನ ರೇಡಿಯೇಟರ್ ಪೈಪು ಬದಲಾಗಿತ್ತು. ಹೊಸ ನೀರಿನ ಜೊತೆ ಗಾಳಿಯೂ ಒಳಗೆ ಸೇರಿಕೊಂಡಿತ್ತು.

"ಸಾಹೇಬ್ರ, ಆ ಗಾಳಿ ತೆಗೀಲಾರದ ಹೊಂಟ್ರ ಎಂಜಿನ್ ಸುಡ್ತದ್ರಿ. ಅರ್ಧ ತಾಸು ಬೇಕು," ಎಂದ ಫಕೀರಪ್ಪ.

"ಗಾಳಿ ಟಾಯರಿನ್ಯಾಗ ಇರ್ತದ, ಎಂಜಿನ್ನಿನ್ಯಾಗ ಅಲ್ಲ. ನನಗ ಕಲಿಸಬ್ಯಾಡ. ಈಗಿಂದೀಗ ಹೊಂಡು. ದಾರ್ಯಾಗ ಗಾಡಿ ನಿಂತ್ರ ನಾಳೆಯಿಂದ ನಿನಗ ಕೆಲಸ ಇಲ್ಲ."

ಹೊರಟರೂ ಕೆಲಸ ಹೋಗುತ್ತದೆ, ಹೊರಡದಿದ್ದರೂ ಹೋಗುತ್ತದೆ. ಫಕೀರಪ್ಪ ಕಾರಿನ ಮೂತಿಯನ್ನು ಅಂಗಳದ ಏರಿಗೆ ಹತ್ತಿಸಿ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಎಂಜಿನ್ ಚಾಲೂ ಇಟ್ಟ. ಆಮೇಲೆ ಕೈಕಟ್ಟಿ ನಿಂತ.

"ಏಳು ವರ್ಷದಿಂದ ನಿಮ್ಮ ಜೋಡಿ ಅದೀನ್ರಿ. ಸಭಾದಾಗ ಮಂದಿ ಚಪ್ಪಾಳೆ ಹೊಡೀತಾರ, ನಾ ಹೊರಗ ಗಾಡಿ ಕಾಯ್ತಿರ್ತೀನಿ. ಇವತ್ತಿನ ಭಾಷಣದ್ದು ನಾಕು ಮಾತು ಕೇಳಸ್ರಿ."

ಸಾಹೇಬರ ಮುಖ ಅರಳಿತು. "ನಾಕೇ ಮಾತು," ಎಂದು ಮೆಟ್ಟಿಲು ಹತ್ತಿ ನಿಂತರು.

ಒಂದೊಂದು ನಿಮಿಷವೂ ಎಷ್ಟು ಅಮೂಲ್ಯ ಎಂಬುದನ್ನು ಅವರು ಮೂವತ್ತೈದು ನಿಮಿಷ ವಿವರಿಸಿದರು. ರೇಡಿಯೇಟರಿನಿಂದ ಬುಳುಬುಳು ಗುಳ್ಳೆ ಏಳುತ್ತಿತ್ತು. ನೀರು ಇಳಿದಂತೆಲ್ಲ ಫಕೀರಪ್ಪ ತಲೆದೂಗುತ್ತ ಮತ್ತಷ್ಟು ಸುರಿಯುತ್ತಿದ್ದ. ಕಡೆಗೆ ಗುಳ್ಳೆ ನಿಂತಿತು. ಅವನು ಮುಚ್ಚಳ ಬಿಗಿದು ಜೋರಾಗಿ ಚಪ್ಪಾಳೆ ತಟ್ಟಿದ.

"ಹೆಂಗಿತ್ತು?" ಎಂದರು ಸಾಹೇಬರು.

"ಗಾಳಿ ಎಲ್ಲಾ ಹೊರಗ ಬಂತ್ರಿ."

"ಏನಂದಿ?"

"ಎಂಜಿನ್ನಿಂದು ಅಂದೆ, ಸಾಹೇಬ್ರ."

ಸಾಹೇಬರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ಗದಗ ಮುಟ್ಟುವವರೆಗೂ ಎಂಜಿನ್ ಕಾಯಲಿಲ್ಲ. ಹಿಂದಿನ ಸೀಟಿನಲ್ಲಿ ಸಾಹೇಬರು ಮಾತ್ರ ಕುದಿಯುತ್ತಿದ್ದರು.