ಹದದ ದಿನ ಬಿತ್ತಿದ ಸೊಸೆ

"ಅಜ್ಜಾರೇ, ಶುದ್ಧವಾದ ಅನ್ನ ಯಾರ ಮನೆಯಲ್ಲಿ ಸಿಗುತ್ತದೆ?" ಎಂದು ಮಡಿವಾಳಯ್ಯ ಕೇಳಿದ.

ಅವನು ಮಠಕ್ಕೆ ಹೊಸಬ. ಆ ದಿನ ಮೊದಲ ಸಲ ಊರೊಳಗೆ ಭಿಕ್ಷೆಗೆ ಹೋಗಿದ್ದ. ಐದು ಮನೆ ತಿರುಗಿ ಮೂರು ಮನೆಯ ಹಿಟ್ಟು ತಂದಿದ್ದ. ಉಳಿದ ಎರಡು ಮನೆಗಳಲ್ಲಿ ಹೆಂಗಸರು ಮುಟ್ಟಾಗಿ ಹೊರಗೆ ಕೂತಿದ್ದರು. ಆ ಮನೆಗಳ ಹಿಟ್ಟು ಬೇಡವೆಂದು ಹೇಳಿ ಬಂದಿದ್ದ.

ಮಠದ ಸ್ವಾಮಿಗಳಾದ ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಅಂದನಂತೆ. ಹಿಟ್ಟು ತಾರಪ್ಪಾ ಅಂತ ಕಳಿಸಿದರೆ ನೀನು ಮನೆಗಳ ಪರೀಕ್ಷೆ ಮಾಡಿ ಬಂದಿದ್ದೀ. ಕೂತುಕೋ. ನಡುವೆ ಬಾಯಿ ಹಾಕಬೇಡ."

ಮಡಿವಾಳಯ್ಯ ಕೂತ. ಅಜ್ಜ ಹೇಳತೊಡಗಿದರು.

ಒಬ್ಬ ರೈತನಿದ್ದ. ಎರೆಮಣ್ಣಿನ ಸೀಮೆಯವನು. ಮನೆಯಲ್ಲಿ ಮೂರೇ ಜನ. ಅವನು, ಅವನ ತಾಯಿ, ಅವನ ಹೆಂಡತಿ. ರೈತನಿಗೆ ಹೆಸರು ಬೇಡ, ರೈತ ಅಂದರೆ ಸಾಕು. ಆ ಹೆಂಡತಿಗೆ ಮಾತ್ರ ಒಂದು ಹೆಸರಿರಲಿ, ಕಾಶವ್ವ ಅನ್ನೋಣ. ಬೀಳುವುದೆಲ್ಲ ಅವಳ ತಲೆಯ ಮೇಲೇ ಬೀಳುತ್ತದೆ, ಅಷ್ಟಾದರೂ ಕೊಡಬೇಕು.

ಆ ವರ್ಷ ಹಿಂಗಾರಿ ಮಳೆ ತಡವಾಗಿ ಬಂತು. ಒಂದೇ ಸಲ ಬಂದು ಹೋಯಿತು. ಎರೆ ಹೊಲದ ಹದ ನಿನಗೇನು ಗೊತ್ತು? ಮಣ್ಣು ಕಾಲಿಗೆ ಅಂಟುತ್ತಿರುವಷ್ಟು ದಿನ ಬಿತ್ತುವಂತಿಲ್ಲ. ಅಂಟು ಬಿಟ್ಟ ಮೇಲೆ ಎರಡು ದಿನ ಬಿತ್ತಬಹುದು. ಮೂರನೆಯ ದಿನ ಗಾಳಿ ಬಂದು ಹಸಿಯನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಆಮೇಲೆ ಬಿತ್ತಿದ ಜೋಳ ಇರುವೆಗೆ ಆಹಾರ. ಹೆಣ ಬಿದ್ದರೆ ಅದನ್ನು ಮುಚ್ಚಿಟ್ಟು ಮೊದಲು ಬಿತ್ತು ಅನ್ನುವ ಸೀಮೆ ಅದು.

ಅಲ್ಲಿ ಕೂರಿಗೆಯಿಂದ ಬಿತ್ತುತ್ತಾರೆ. ಎತ್ತು ಹೊಡೆಯುವುದು ಗಂಡಸಿನ ಕೆಲಸ. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಹಿಂದೆ ನಡೆಯುತ್ತ, ಹಿಡಿಯಿಂದ ಬೀಜವನ್ನು ಬಟ್ಟಲಿಗೆ ಬಿಡುವುದು ಹೆಂಗಸಿನ ಕೆಲಸ. ಬಟ್ಟಲಿನ ತೂತಿನಿಂದ ಬೀಜ ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಹಿಡಿ ಬಿಗಿಯಾದರೆ ಸಾಲು ಬೋಳು. ಸಡಿಲಾದರೆ ಸಸಿಯ ಮೇಲೆ ಸಸಿ. ಆ ಕೈ ಎಲ್ಲರಿಗೂ ಬರುವುದಿಲ್ಲ. ಕಾಶವ್ವನಿಗೆ ಬಂದಿತ್ತು. ಅವಳ ಅತ್ತೆಗೂ ಒಂದು ಕಾಲಕ್ಕೆ ಇತ್ತು, ಈಗ ವಾತ ಹಿಡಿದು ಬೆರಳು ಮಡಚುತ್ತಿರಲಿಲ್ಲ. ಬೇರೆಯವರನ್ನು ಕರೆಯೋಣವೆಂದರೆ ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಹೊಲದಲ್ಲಿ.

ಹದ ಬಂದ ದಿನ ಬೆಳಿಗ್ಗೆ ಕಾಶವ್ವ ಮುಟ್ಟಾದಳು.

ಊರಿನ ಕಟ್ಟಳೆ ಅವಳಿಗೆ ಗೊತ್ತಿತ್ತು. ಮುಟ್ಟಾದವಳು ಮೂರು ದಿನ ಬೀಜ ಮುಟ್ಟಬಾರದು. ಮುಟ್ಟಿದರೆ ಆ ಬೆಳೆ ಕಣಕ್ಕೆ ಬರಬಾರದು, ದನ ಬಿಟ್ಟು ಮೇಯಿಸಬೇಕು. ಬಿತ್ತಿದವಳನ್ನು ತವರಿಗೆ ಅಟ್ಟಬೇಕು, ತಿರುಗಿ ಕರೆಯಬಾರದು. ಕೂತರೆ ಹದ ಹೋಗುತ್ತದೆ, ವರ್ಷದ ರೊಟ್ಟಿ ಹೋಗುತ್ತದೆ. ಬಿತ್ತಿದರೆ ಮನೆ ಹೋಗುತ್ತದೆ.

ಅವಳು ಹಳ್ಳಕ್ಕೆ ಹೋದಳು. ಮುಟ್ಟಾದವರು ಬಟ್ಟೆ ಒಗೆಯುವುದಕ್ಕೆ ಅಲ್ಲಿ ಬೇರೆಯೇ ಒಂದು ಕಲ್ಲಿತ್ತು. ಪಕ್ಕದ ಹೊಲದವನ ಹೆಂಡತಿಯೂ ಅದೇ ಕಲ್ಲಿನ ಮೇಲೆ ಒಗೆಯುತ್ತ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕಾಶವ್ವ ಒಗೆದು ಹಿಂಡಿ ಮನೆಗೆ ಬಂದಳು. ಕಪ್ಪು ಸೀರೆ ಉಟ್ಟಳು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಗಂಡನ ಹಿಂದೆ ಹೊಲಕ್ಕೆ ನಡೆದಳು.

"ಅಂದರೆ ಗಂಡನಿಗೆ ಸುಳ್ಳು ಹೇಳಿದಳು," ಎಂದ ಮಡಿವಾಳಯ್ಯ.

"ಗಂಡ ಕೇಳಿದ್ದರೆ ತಾನೇ ಹೇಳುವುದು? ಬಾಯಿ ಹಾಕಬೇಡ ಅಂದಿದ್ದೆ," ಎಂದು ಅಜ್ಜ ಮುಂದುವರಿಸಿದರು.

ಮಧ್ಯಾಹ್ನದ ತನಕ ಬಿತ್ತಿದಳು. ಹೊಟ್ಟೆ ಕಿವುಚುತ್ತಿತ್ತು. ತೊಡೆ ನಡುಗುತ್ತಿತ್ತು. ಗಂಡ ತಿರುಗಿ ನೋಡದೆಯೇ, "ಜಲ್ದಿ ಹೆಜ್ಜಿ ಹಾಕ, ಗಾಳಿ ಎದ್ದೈತಿ," ಎಂದು ಕೂಗುತ್ತಿದ್ದ. ಅವಳು ಹೆಜ್ಜೆ ಹಾಕಿದಳು. ಹಿಡಿ ಮಾತ್ರ ತಪ್ಪಲಿಲ್ಲ.

ಅತ್ತೆ ಬುತ್ತಿ ತಂದಳು. ಬದುವಿನ ಮೇಲೆ ನಿಂತು ಸೊಸೆಯ ನಡಿಗೆ ನೋಡಿದಳು. ಸೀರೆಯ ಹಿಂಭಾಗ ನೋಡಿದಳು. ಆ ಮುದುಕಿ ಎಂಥವಳು ಗೊತ್ತೇ? ಸೋಮವಾರ ಹನಿ ನೀರು ಬಾಯಿಗೆ ಹಾಕದವಳು. ಪಾತ್ರೆ ಸರಿಯಾಗಿ ಬೆಳಗಿಲ್ಲವೆಂದು ಸೊಸೆಯನ್ನು ಓಣಿಗೆಲ್ಲ ಕೇಳುವಂತೆ ಬೈಯುವವಳು. ಕಾಶವ್ವ ಇನ್ನು ಮುಗಿಯಿತು ಅಂದುಕೊಂಡಳು.

ಮುದುಕಿ ತಂಬಿಗೆ ಮುಂದೆ ಹಿಡಿದಳು. "ನೀರು ಕುಡಿ," ಎಂದಳು. ಬುತ್ತಿ ಬಿಚ್ಚಿ ಮುಂದಿಟ್ಟಳು.

ಎರಡು ದಿನದಲ್ಲಿ ಬಿತ್ತನೆ ಮುಗಿಯಿತು. ಮೂರನೆಯ ದಿನ ಗಾಳಿ ಬೀಸಿತು.

ಪಕ್ಕದ ಹೊಲದವನು ಕೆಟ್ಟವನಲ್ಲ. ನೇಮದವನು. ನೇಮದವರಿಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ, ಅಷ್ಟೇ. ಅವನು ಹೆಂಡತಿಯನ್ನು ಹೊರಗೆ ಕೂರಿಸಿದ. ಮೂರು ದಿನ ಕಾದ. ನಾಲ್ಕನೆಯ ದಿನ ಅವಳು ತಲೆಗೆ ನೀರು ಹಾಕಿಕೊಂಡ ಮೇಲೆ ಕೂರಿಗೆ ಹೂಡಿದ. ಬೀಜ ಒಣ ಮಣ್ಣಿಗೆ ಬಿತ್ತು. ಅಲ್ಲೊಂದು ಇಲ್ಲೊಂದು ಮೊಳೆಯಿತು.

ಕಾಶವ್ವನ ಹೊಲದಲ್ಲಿ ಸಾಲು ಹಿಡಿದು ಎದ್ದ ಬೆಳೆ ಆಳೆತ್ತರಕ್ಕೆ ಬಂತು. ಗಂಡ ಹಿಗ್ಗಿದ. ಅವಳು ಹಿಗ್ಗಲಿಲ್ಲ. ದಿನಾ ಹೊಲಕ್ಕೆ ಹೋಗಿ ಒಂದೊಂದೇ ತೆನೆ ನೋಡುತ್ತಿದ್ದಳು. ಎಲ್ಲೋ ನಾಲ್ಕು ತೆನೆಗೆ ಕಾಡಿಗೆ ರೋಗ ಬಂದು ಕಪ್ಪಾದವು. ಯಾವ ಹೊಲದಲ್ಲಿಲ್ಲ ಹೇಳು ಆ ರೋಗ? ಅವಳಿಗೆ ಮಾತ್ರ ಅದು ತನ್ನ ಕೈಯ ಪಾಪವೆಂದೇ ಕಂಡಿತು. ಯಾರೂ ನೋಡುವ ಮೊದಲು ಕಿತ್ತು ಬದುವಿನಲ್ಲಿ ಹೂತಳು. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಮುದುಕಿ ನೋಡಿ, "ಹೊಗಿ ಭಾಳ ಆತೇನು?" ಎಂದು ಕೇಳಿ ಹೊರಗೆ ಹೋದಳು. ಹೀಗೆ ನಾಲ್ಕು ತಿಂಗಳು ಕಳೆದವು.

ಸುಗ್ಗಿ ಬಂತು. ಪಕ್ಕದ ಹೊಲದವನಿಗೆ ಕೊಯ್ಯುವುದಕ್ಕೆ ಏನಿತ್ತು? ಅವನು ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಮುಟ್ಟಿನಿಂದನ ನನ್ನ ಹದ ಹೋತು. ನಿನ್ನನ್ನ ಕಟಗೊಂಡು ನಾ ಮಣ್ಣು ತಿನ್ನಬೇಕು," ಎಂದ. ಅವಳು ಎಷ್ಟು ದಿನವೆಂದು ತಡೆದುಕೊಂಡಾಳು? "ಅದ ಕಲ್ಲಿನ ಮ್ಯಾಲೆ ನನ್ನ ಜೋಡಿ ಒಗದಾಕಿ ಹೋಗಿ ಬಿತ್ತಲಿಲ್ಲೇನು?" ಎಂದುಬಿಟ್ಟಳು. ಅಂದ ಕೂಡಲೇ ಬಾಯಿಗೆ ಕೈ ಅಡ್ಡ ಇಟ್ಟಳು. ಬಾಯಿಂದ ಬಿದ್ದ ಮಾತು ಬಿತ್ತು.

ಮರುದಿನ ಕಾಶವ್ವನ ಮನೆಯವರು ಕಣ ಸಾರಿಸಿ, ನಡುವೆ ಎತ್ತು ಸುತ್ತುವ ಮೇಟಿಕಂಬ ನೆಟ್ಟು, ತೆನೆ ರಾಶಿ ಹಾಕಿದ್ದರು. ಇನ್ನೇನು ಪೂಜೆ ಮಾಡಿ ಎತ್ತು ಹೂಡಬೇಕು. ಊರ ಹೆಂಗಸರು ನೀರು ಹೊತ್ತು ಬಂದಿದ್ದರು. ಅಷ್ಟರಲ್ಲಿ ಪಕ್ಕದ ಹೊಲದವನು ಊರಿನ ಹಿರಿಯನನ್ನೂ ನಾಲ್ಕು ಮಂದಿ ಪಂಚರನ್ನೂ ಕರೆದುಕೊಂಡು ಬಂದ.

"ಪೂಜಿ ನಿಲ್ಲಸ್ರಿ. ಈ ಜೋಳ ಮೈಲಿಗಿ. ನಾ ಕಟ್ಟಳೆ ನಡಸಿ ಹೊಟ್ಟು ಉಣ್ಣಬೇಕು, ಇವರು ಕಟ್ಟಳೆ ಮುರದು ರಾಶಿ ಮಾಡಬೇಕು. ಇದು ಯಾವ ನ್ಯಾಯರೀ?" ಎಂದ. ಸಿಟ್ಟಿನಲ್ಲಿದ್ದರೂ ಅವನ ಕಣ್ಣಲ್ಲಿ ನೀರಿತ್ತು. ನಿಜಕ್ಕೂ ನೊಂದಿದ್ದ ಅವನು.

ರೈತನ ಮುಖವನ್ನು ಹಿರಿಯ ನೋಡಿದ. ರೈತ ಹೆಂಡತಿಯ ಮುಖ ನೋಡಿದ. "ಸುಳ್ಳು ಅಂತ ಹೇಳ, ಕಾಶಿ," ಎಂದ. ದನಿಯಲ್ಲಿ ಬೇಡಿಕೆಯೂ ಇತ್ತು, ಬೆದರಿಕೆಯೂ ಇತ್ತು.

ಕಣದಲ್ಲಿ ನಿಂತು ಸುಳ್ಳಾಡಿದವರ ರಾಶಿ ದಕ್ಕುವುದಿಲ್ಲ ಎಂದು ಅಲ್ಲಿಯ ನಂಬಿಕೆ. ನಿಜ ಹೇಳಿದರೆ ಹೋಗುವುದು ಅವಳೊಬ್ಬಳ ಮನೆ ಮಾತ್ರವಲ್ಲ, ಮೂರು ಜನರ ವರ್ಷದ ಅನ್ನ. ಆದರೂ ನಾಲ್ಕು ತಿಂಗಳು ಎದೆಯಲ್ಲಿ ಹೊತ್ತು ಅವಳಿಗೆ ಸಾಕಾಗಿತ್ತು.

"ಹೌದ್ರೀ," ಎಂದಳು. "ಎರಡೂ ದಿನ ಹಂಗ ಬಿತ್ತೀನಿ."

ರೈತ ನಿಂತಲ್ಲೇ ಕುಸಿದು ಕೂತ. ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಪಕ್ಕದ ಹೊಲದವನು, "ದನಾ ಬಿಡಸ್ರಿ," ಎಂದ. ಕೊಟ್ಟಿಗೆಯ ಕಡೆ ಒಬ್ಬ ಹೊರಟೂಬಿಟ್ಟ.

ಹಿರಿಯ ಅವನನ್ನು ತಡೆದ. ಒಬ್ಬಳ ಬಾಯಿಮಾತಿನ ಮೇಲೆ ತೀರ್ಪು ಕೊಡುವ ಪದ್ಧತಿ ಇರಲಿಲ್ಲ, ಸಾಕ್ಷಿ ಬೇಕು. ಮುದುಕಿಯನ್ನು ಕರೆದ. ನೇಮದವಳು, ಸುಳ್ಳಾಡುವವಳಲ್ಲ, ಸೊಸೆಯ ಮೇಲೆ ಪ್ರೀತಿಯಂತೂ ಮೊದಲೇ ಇಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು?

"ಯವ್ವಾ, ಬಿತ್ತೋ ಮುಂದ ನೀ ಹೊಲದಾಗ ಇದ್ದಿ. ನಿನಗ ತಿಳೀಲಿಲ್ಲೇನು?"

"ತಿಳೀತು."

"ತಿಳದು ಸುಮ್ಮನಿದ್ದಿ?"

"ಸುಮ್ಮನಿದ್ದೆ."

"ಯಾಕ?"

ಮುದುಕಿ ಮಡಚದ ಕೈಯನ್ನು ಎದೆಗೆ ಒತ್ತಿಕೊಂಡಳು. "ನಮ್ಮತ್ತಿ ಸುಮ್ಮನಿದ್ದಳಲ್ಲ, ಅದಕ," ಎಂದಳು.

ರೈತ ತಲೆಯೆತ್ತಿ ತಾಯಿಯನ್ನು ನೋಡಿದ. ತಾನು ಹುಟ್ಟಿದಾಗಿನಿಂದ ಉಂಡದ್ದೆಲ್ಲ ಅವಳು ಬಿತ್ತಿದ್ದೇ.

ಮೊದಲು ಮಾತು ಬಂದದ್ದು ಪಕ್ಕದ ಹೊಲದವನಿಗೆ. "ಹಂಗಾದ್ರ ಈ ಮನಿತನ ಪೂರಾ ಕೆಟ್ಟದ್ದು! ಅತ್ತಿ ಸೊಸಿ ಇಬ್ಬರನ್ನೂ ಹೊರಗ ಹಾಕ್ರಿ. ನಮ್ಮ ಹೊಲ ನೋಡ್ರಿ, ನಮ್ಮವ್ವನ ಕಾಲದಿಂದ ಚೊಕ್ಕ."

ಮುದುಕಿ ಅವನ ಕಡೆ ತಿರುಗಿದಳು. ಈಗ ಅವಳಿಗೂ ಸಿಟ್ಟು ಬಂದಿತ್ತು.

"ಯಪ್ಪಾ, ನಿಮ್ಮವ್ವನ ಜೋಡಿ ನಾ ಆ ಕಲ್ಲಿನ ಮ್ಯಾಲೆ ಮೂವತ್ತು ವರ್ಷ ಕುಂತೀನಿ. ಯಾವ ವರ್ಷ ಆಕಿ ಒಗದು, ಹಿಂಡಿ, ಅಲ್ಲೇ ಉಡಿ ಕಟ್ಟಿ ಎದ್ದಳು ಅಂತ ನನಗ ಗೊತ್ತೈತಿ. ಹದ ಏನು ನಮ್ಮ ಮುಟ್ಟಿನ ದಿನ ನೋಡಿ ಬರತೈತೇನು? ಆಕಿ ಸುಮ್ಮನ ಬಿತ್ತಿದ್ದಕ್ಕ ನೀ ಇಷ್ಟೆತ್ತರ ಬೆಳದು ಇಲ್ಲಿ ಬಂದು ನಿಂತಿ."

ಹೆಂಗಸರ ಗುಂಪಿನಲ್ಲಿದ್ದ ಅವನ ಹೆಂಡತಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಮುದುಕಿ ಹಿರಿಯನ ಕಡೆ ತಿರುಗಿದಳು. "ದನಾ ಬಿಡಸ್ರಿ. ನಮ್ಮ ಒಂದ ಹೊಲಕ್ಕ ಬ್ಯಾಡ, ಯಾರ್ಯಾರ ಹೊಲಕ್ಕ ಬಿಡಬೇಕು ಅಂತ ನಾ ಹೇಳತೀನಿ. ಕಲ್ಲಿಗೆ ಬಾಯಿ ಇಲ್ಲ, ನನಗ ಐತಿ. ನಿಮ್ಮ ಹೊಲದಿಂದ ಸುರು ಮಾಡ್ಲೇನ್ರಿ?"

ಹಿರಿಯ ತನ್ನ ಹೆಂಡತಿಯನ್ನು ಹುಡುಕಿದ. ಅವಳು ಅಲ್ಲೇ ನಿಂತಿದ್ದಳು, ಸೊಂಟದ ಮೇಲೆ ಕೊಡ. ನಲವತ್ತು ವರ್ಷ ಅವನ ಮುಂದೆ ತಲೆಯೆತ್ತಿ ಮಾತಾಡದವಳು. ಆ ದಿನ ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಅವಳ ಪಕ್ಕದವಳೂ ಹಾಕಲಿಲ್ಲ. ಅವಳಾಚೆಯವಳೂ ಇಲ್ಲ.

ಮುದುಕಿಗೆ ಹಿರಿಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೊನೆಗೆ ರೈತ ಎದ್ದ. ರಾಶಿಯಿಂದ ಒಂದು ಮಡಿಲು ತೆನೆ ತಂದು ಹೆಂಡತಿಯ ಕೈಗೆ ಕೊಟ್ಟ. ಕಾಶವ್ವ ಅದನ್ನು ಕಣದಲ್ಲಿ ಹರವಿದಳು. ರೈತ ಎತ್ತು ಹೂಡಿದ. ಯಾರೂ ತಡೆಯಲಿಲ್ಲ.

ಅಜ್ಜ ಇಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯ ತಡೆಯಲಾಗದೆ ಕೇಳಿದ.

"ಅಜ್ಜಾರೇ, ಹಿರಿಯರು ಕಡೆಗೆ ಏನು ತೀರ್ಪು ಕೊಟ್ಟರು?"

"ತೀರ್ಪು ಎಲ್ಲಿಂದ ಬರಬೇಕಪ್ಪಾ, ಹೊತ್ತು ನೆತ್ತಿಗೆ ಬಂದಿತ್ತು, ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ಉಂಡರು."