ಫಕ್ಕೀರೇಶ ಆರಿಸಿದ ಮೈಕ್ರೋಮೀಟರ್ ಹೆಡ್

ಹುಬ್ಬಳ್ಳಿಯಲ್ಲಿ ಮೌನೇಶ ಬಡಿಗೇರ ಎಂಬುವವರದೊಂದು ವರ್ಕ್‌ಶಾಪ್ ಇತ್ತು. ಕಾರ್ಖಾನೆಗಳಿಗೂ ಆಸ್ಪತ್ರೆಗಳಿಗೂ ಬೇಕಾದ ನಾಜೂಕು ಉಪಕರಣಗಳನ್ನು ಅಲ್ಲಿ ಮಾಡಿಕೊಡುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತ ಫಕ್ಕೀರೇಶ ಈಗ ಒಳ್ಳೆಯ ಕುಶಲಿಗನಾಗಿದ್ದ. ಅವನು ಮಾಡಿದ ಕೆಲಸಕ್ಕೆ ಯಾರೂ ಕೊಂಕು ಹೇಳುವಂತಿರಲಿಲ್ಲ. ಆ ಮಾತು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಮ್ಮೆ ಒಂದು ಕಣ್ಣಿನ ಆಸ್ಪತ್ರೆಯಿಂದ ಕೆಲಸ ಬಂತು. ಪೊರೆ ತೆಗೆದ ಕಣ್ಣಿಗೆ ಹಾಕುವ ಪುಟ್ಟ ಲೆನ್ಸುಗಳನ್ನು ಆ ಆಸ್ಪತ್ರೆಯವರೇ ತಯಾರಿಸುತ್ತಿದ್ದರು. ಒಂದೊಂದು ಲೆನ್ಸನ್ನೂ ಬೆಳಕಿನ ಮುಂದಿಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಪರೀಕ್ಷಿಸಬೇಕು. ಲೆನ್ಸ್ ಸರಿಯಿದ್ದರೆ ಪರದೆಯ ಮೇಲಿನ ಬೆಳಕಿನ ಚುಕ್ಕೆ ಸ್ಪಷ್ಟವಾಗಿ ನಡುವಿನಲ್ಲೇ ನಿಲ್ಲುತ್ತದೆ. ಹಾಗೆ ಸರಿಸಲು ಅವರಿಗೊಂದು ಸ್ಟ್ಯಾಂಡ್ ಬೇಕಾಗಿತ್ತು.

ಇಂಥ ಸ್ಟ್ಯಾಂಡಿಗೆ ಮೈಕ್ರೋಮೀಟರ್ ಹೆಡ್ ಎಂಬ ಸಾಧನವನ್ನು ಜೋಡಿಸುತ್ತಾರೆ. ಅದರ ಹಿಡಿಯನ್ನು ತಿರುಗಿಸಿದರೆ ಸ್ಪಿಂಡಲ್ ಎಂಬ ಉಕ್ಕಿನ ಕಡ್ಡಿ ತುಸುತುಸುವೇ ಹೊರಗೆ ಬಂದು ಎದುರಿನ ವಸ್ತುವನ್ನು ತಳ್ಳುತ್ತದೆ. ಅದರಲ್ಲಿ ಹತ್ತಾರು ಬಗೆ. ಯಾವುದು ಬೇಕೋ ನೀನೇ ಆರಿಸು ಎಂದು ಮೌನೇಶರು ಫಕ್ಕೀರೇಶನಿಗೆ ಬಿಟ್ಟುಕೊಟ್ಟರು.

ಅವನು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ತಂದ. ಸ್ಪಿಂಡಲ್ ಬಹಳ ದೂರ ಚಾಚುತ್ತಿತ್ತು. ಅಳತೆಯನ್ನು ಅಂಕಿಯಲ್ಲಿ ತೋರಿಸುವ ಪುಟ್ಟ ಪರದೆಯೂ ಇತ್ತು. ಇದು ಯಾವ ಲೆನ್ಸನ್ನು ಹೇಗೆ ತಳ್ಳುತ್ತದೆ, ಒಮ್ಮೆ ಆಸ್ಪತ್ರೆಗೆ ಹೋಗಿ ನೋಡಿದೆಯಾ ಎಂದು ಮೌನೇಶರು ಕೇಳಿದರು. ಇಷ್ಟು ನಿಖರವಾದದ್ದು ಇರುವಾಗ ನೋಡುವುದೇನಿದೆ ಎಂದು ಅವನು ನಕ್ಕುಬಿಟ್ಟ. ಸ್ಟ್ಯಾಂಡ್ ಸಿದ್ಧವಾಗಿ ಆಸ್ಪತ್ರೆಗೆ ಹೋಯಿತು.

ಅಲ್ಲಿ ಲೆನ್ಸ್ ಪರೀಕ್ಷಿಸುತ್ತಿದ್ದವರು ಅನಸೂಯಾ ಕಟಗಿ. ವರ್ಷಗಟ್ಟಲೆ ಅದೇ ಕೆಲಸ ಮಾಡಿ ಪಳಗಿದ ಕೈ ಅವರದು. ಆದರೆ ಹೊಸ ಸ್ಟ್ಯಾಂಡ್ ಬಂದಂದಿನಿಂದ ಚುಕ್ಕೆ ನಡುವಿನಲ್ಲಿ ನಿಲ್ಲಲೊಲ್ಲದು. ಹಿಡಿ ತಿರುಗಿಸಿದಂತೆಲ್ಲ ಪಕ್ಕಕ್ಕೆ ಜಾರುತ್ತಿತ್ತು. ಹಾಗೆ ಚುಕ್ಕೆ ಜಾರಿದ ಲೆನ್ಸುಗಳನ್ನು ದೋಷದ ಡಬ್ಬಿಗೆ ಹಾಕಲೇಬೇಕು. ಡಬ್ಬಿ ತುಂಬುತ್ತ ಹೋಯಿತು. ಲೆನ್ಸ್ ಸಾಲದೆ ಆಪರೇಷನ್‌ಗಳು ಮುಂದಕ್ಕೆ ಹೋದವು. ದೂರದ ಹಳ್ಳಿಗಳಿಂದ ಬಂದ ಮುದುಕರು ಮಕ್ಕಳ ಭುಜ ಹಿಡಿದುಕೊಂಡು ಹಾಗೆಯೇ ವಾಪಸಾದರು.

ಆಸ್ಪತ್ರೆಯವರು ಫೋನ್ ಮಾಡಿದಾಗ ಫಕ್ಕೀರೇಶ, ಉಪಕರಣದಲ್ಲಿ ತಪ್ಪಿಲ್ಲ, ತಿರುಗಿಸುವವರ ಕೈ ನಡುಗುತ್ತಿರಬೇಕು ಎಂದುಬಿಟ್ಟ.

ಆ ಮಾತು ಅನಸೂಯಾ ಅವರ ಕಿವಿಗೂ ಬಿತ್ತು. ಅವರು ಅದನ್ನು ನಂಬಿಬಿಟ್ಟರು. ಮನೆಯಲ್ಲಿ ಚಹಾದ ಲೋಟ ಎತ್ತುವಾಗಲೂ ಬಲಗೈಯನ್ನೇ ದಿಟ್ಟಿಸಿ ನೋಡತೊಡಗಿದರು. ಕೊನೆಗೆ, ನನ್ನಿಂದ ಯಾರ ಕಣ್ಣಿಗೂ ತೊಂದರೆಯಾಗುವುದು ಬೇಡ, ನನ್ನನ್ನು ಪ್ಯಾಕಿಂಗ್ ಕೆಲಸಕ್ಕೆ ಹಾಕಿ ಎಂದು ತಾವಾಗಿಯೇ ಕೇಳಿಕೊಂಡರು.

ಈ ಸುದ್ದಿ ಮೌನೇಶರಿಗೆ ಮುಟ್ಟಿತು. ಅವರು ಫಕ್ಕೀರೇಶನನ್ನು ಬೈಯಲಿಲ್ಲ. ಕರೆದು ಇಷ್ಟೇ ಹೇಳಿದರು: "ಫೋನಿನ್ಯಾಗ ತೀರ್ಪು ಕೊಡಬ್ಯಾಡ. ಹೋಗಿ ಅವರ ಕುರ್ಚಿ ಮ್ಯಾಲ ಕುಂತು ನೋಡು."

ಫಕ್ಕೀರೇಶ ಹೋದ. ಕೈಗವಸು ಹಾಕಿಕೊಂಡು, ಕತ್ತಲುಮಾಡಿದ ಆ ಕೋಣೆಯಲ್ಲಿ ಕುಳಿತು ಹಿಡಿ ತಿರುಗಿಸಿದ. ಚುಕ್ಕೆ ಪಕ್ಕಕ್ಕೆ ಜಾರಿತು. ಉಸಿರು ಬಿಗಿಹಿಡಿದು ಮತ್ತೆ ತಿರುಗಿಸಿದ. ಮತ್ತೆ ಜಾರಿತು. ಅವನ ಕೈಯಂತೂ ನಡುಗುತ್ತಿರಲಿಲ್ಲ.

ದೀಪ ಹಾಕಿಸಿ, ಸ್ಪಿಂಡಲಿನ ತುದಿಗೆ ಬೆರಳು ಇಟ್ಟು ನೋಡಿದ. ಅದು ಮುಂದೆ ಬರುವುದರ ಜೊತೆಗೆ ತಾನೂ ಸುತ್ತುತ್ತಿತ್ತು. ಸುತ್ತುವಾಗ ಲೆನ್ಸ್ ಹಿಡಿದಿದ್ದ ತೆಳು ಪಟ್ಟಿಯನ್ನು ಉಜ್ಜಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಅಂಕಿ ತೋರಿಸುವ ಪರದೆಯನ್ನು ಆ ಕತ್ತಲಲ್ಲಿ ಯಾರೂ ನೋಡುತ್ತಲೇ ಇರಲಿಲ್ಲ. ಇಲ್ಲಿ ಬೇಕಾಗಿದ್ದುದು ಅಳತೆ ಹೇಳುವ ಸಾಧನವಲ್ಲ, ಲೆನ್ಸನ್ನು ಅಲುಗಿಸದೆ ಅದರ ಜಾಗಕ್ಕೆ ಒಯ್ದು ನಿಲ್ಲಿಸುವ ಸಾಧನ. ಅವನಿಗೆ ಮುಖ ಎತ್ತಲು ಆಗಲಿಲ್ಲ.

ಈ ಸಲ ಅವನು ಅಂಗಡಿಗೆ ಹೋದಾಗ ದೊಡ್ಡದನ್ನು ಕೇಳಲಿಲ್ಲ. ಸ್ಪಿಂಡಲ್ ಸುತ್ತದೆ ನೇರವಾಗಿ ಮುಂದೆ ಬರುವಂಥದ್ದು ಬೇಕು ಎಂದ. ಸ್ವಲ್ಪವೇ ಚಾಚಿದರೆ ಸಾಕು, ಆದರೆ ಕೈಗವಸಿನ ಬೆರಳಿಗೂ ಹಿಡಿ ಸಲೀಸಾಗಿ ಸಿಗಬೇಕು ಎಂದ. ಸಿಕ್ಕಿದ್ದು ಒಂದು ಚಿಕ್ಕ, ಸಾದಾ ಹೆಡ್. ಹಳೆಯದನ್ನು ವರ್ಕ್‌ಶಾಪಿನಲ್ಲಿ ಆಳವಾದ ತೂತುಗಳನ್ನು ಅಳೆಯುವ ಕೆಲಸಕ್ಕೆ ಜೋಡಿಸಿದರು. ಅಲ್ಲಿ ಅದು ಬಹಳ ಚೆನ್ನಾಗಿ ಒದಗಿತು.

ಹೊಸದನ್ನು ಕೂರಿಸಿದ ಮೇಲೆ ಅವನು ಸುಮ್ಮನೆ ಹೊರಟುಬಿಡಬಹುದಿತ್ತು. ಸ್ಟ್ಯಾಂಡನ್ನು ಇನ್ನಷ್ಟು ಸುಧಾರಿಸಿದ್ದೇನೆ ಎಂದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅವನ ಹೆಸರೂ ಉಳಿಯುತ್ತಿತ್ತು. ಆದರೆ ಗಾಜಿನ ಬಾಗಿಲಿನಾಚೆ ಅನಸೂಯಾ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದುದು ಅವನಿಗೆ ಕಾಣುತ್ತಿತ್ತು. ಅವನು ಒಳಗೆ ಹೋಗಿ, ಅಲ್ಲಿದ್ದವರೆಲ್ಲರ ಎದುರಿಗೆ ನಿಂತ.

"ಅಕ್ಕಾರ, ನಿಮ್ಮ ಕೈಯಾಗ ಏನೂ ದೋಷ ಇಲ್ಲರಿ. ನಾ ಆರಿಸಿ ಕೊಟ್ಟದ್ದ ತಪ್ಪಿತ್ತು. ನೋಡದನ ತಪ್ಪ ನಿಮ್ಮ ಮ್ಯಾಲ ಹಾಕಿದ್ನಿ."

ಅನಸೂಯಾ ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟರು. ಆಮೇಲೆ ಎದ್ದು ಪರೀಕ್ಷೆಯ ಕೋಣೆಗೆ ಬಂದು ದೋಷದ ಡಬ್ಬಿಯಿಂದ ಒಂದು ಲೆನ್ಸ್ ತೆಗೆದು ಸ್ಟ್ಯಾಂಡಿನಲ್ಲಿಟ್ಟರು. ದೀಪ ಆರಿಸಿದರು. ಹಿಡಿ ತಿರುಗಿಸಿದರು. ಚುಕ್ಕೆ ಸಣ್ಣದಾಗುತ್ತ, ಸ್ಪಷ್ಟವಾಗುತ್ತ ಬಂದು ನಟ್ಟನಡುವೆ ನಿಂತಿತು.

ಅವರು ಇನ್ನೊಂದು ಲೆನ್ಸ್ ತೆಗೆದುಕೊಂಡರು. ಆಮೇಲೆ ಮತ್ತೊಂದು. ಆ ಡಬ್ಬಿಯಲ್ಲಿದ್ದ ಲೆನ್ಸುಗಳಲ್ಲಿ ಹೆಚ್ಚಿನವು ಒಳ್ಳೆಯವೇ ಆಗಿದ್ದವು. ಹಿಂದಿರುಗಿ ಹೋಗಿದ್ದ ಮುದುಕರಿಗೆ ಆಸ್ಪತ್ರೆಯವರು ಮತ್ತೆ ಬರಲು ಹೇಳಿಕಳಿಸಿದರು.

ನೀತಿ: ಸಾಧನ ಎಷ್ಟು ದೊಡ್ಡದು ಎಂದು ನೋಡುವ ಮೊದಲು, ಅದು ಮಾಡಬೇಕಾದ ಕೆಲಸವನ್ನೂ ಅದನ್ನು ಹಿಡಿಯುವವರನ್ನೂ ನೋಡಬೇಕು. ಕೆಲಸ ಕೆಟ್ಟಾಗ ಯಾರದೋ ಕೈಯನ್ನು ದೂರುವ ಮುನ್ನ, ಆ ಕೈಗೆ ನಾವು ಕೊಟ್ಟಿರುವುದೇನು ಎಂದು ಕೇಳಿಕೊಳ್ಳಬೇಕು.