ಹಾಳೆಯಡಿಯ ಅಮೃತಶಿಲೆ

ಕಲ್ಲಿನ ಅಂಗಡಿಯಲ್ಲಿ ಬಿಳಿ ಅಮೃತಶಿಲೆ ಚಡಪಡಿಸುತ್ತಿತ್ತು. ತನ್ನ ಮೇಲೆ ಯಾರಾದರೂ ಅಡುಗೆ ಮಾಡಬೇಕೆಂಬುದೇ ಅದರ ಆಸೆ. ಪಕ್ಕದ ಕರಿ ಕಡಪ ಕಲ್ಲನ್ನು, "ನಿನ್ನ ಮುಖಕ್ಕೆ ಅಡುಗೆಮನೆ ಸಿಗುತ್ತದೆಯೇ?" ಎಂದು ಮೂದಲಿಸಿತು.

ಮನೆ ಕಟ್ಟಿಸುತ್ತಿದ್ದ ವತ್ಸಲಕ್ಕ ಎರಡನ್ನೂ ಕೊಂಡರು. ಅಮೃತಶಿಲೆ ಅಡುಗೆಕಟ್ಟೆಯಾಯಿತು, ಕಡಪ ಹಿತ್ತಲಿನ ಕಟ್ಟೆಯಾಯಿತು. ಗೃಹಪ್ರವೇಶಕ್ಕೆ ಬಂದವರೆಲ್ಲ ಅಮೃತಶಿಲೆಯನ್ನು ಸವರಿ ಹೊಗಳಿದರು.

ಮರುದಿನ ವತ್ಸಲಕ್ಕ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗ್ಯಾಸ್ ಒಲೆಯನ್ನು ಹಿತ್ತಲಿಗೆ ಸಾಗಿಸಿದರು. "ಅರಿಸಿನ ಬಿದ್ದರೆ ಕಲೆ ಹೋಗೋದಿಲ್ಲ, ರೀ," ಎಂದು ಗಂಡನಿಗೆ ಹೇಳಿದರು.

ಹಿತ್ತಲಿನಿಂದ ಒಗ್ಗರಣೆಯ ಸದ್ದು ಬಂತು. ಹಾಳೆಯಡಿಯಿಂದ ಅಮೃತಶಿಲೆ ಕೂಗಿತು: "ಲೇ ಕಡಪ, ನನ್ನ ಸರದಿ ಯಾವಾಗ?"

"ನೆಂಟರು ಬಂದಾಗ ಹಾಳೆ ತೆಗೆಯುತ್ತಾರೆ," ಎಂದಿತು ಕಡಪ. "ಅವರಿಗೂ ಅಡುಗೆ ಇಲ್ಲೇ ಆಗೋದು."